ಹೊಸ ಬಚ್ಚಲಿಗೆ ಬಾಗಿಲು

ಮನೆ, ಮೇಲಿನ ಮಹಡಿ
ಶುಕ್ರವಾರ, ನವೆಂಬರ್ ೧೫

ಪ್ರೀತಿಯ ಅತ್ತೆಗೆ,

ಉಬ್ಬಸ ಹೇಗಿದೆ? ಬೆಳಗಿನ ಹೊತ್ತು ಎದೆ ಬಿಗಿಯುವುದು ಕಡಿಮೆಯಾಯಿತೆ? ಮಂಡಿಗೆ ಆ ಹೊಸ ಮುಲಾಮು ಹಚ್ಚುತ್ತಿದ್ದೀರೋ, ಇಲ್ಲ ವಾಸನೆ ಎಂದು ಕಪಾಟಿನ ಮೂಲೆಗೆ ತಳ್ಳಿದ್ದೀರೋ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಿ’ ಎನ್ನುತ್ತೀರಿ, ಅಷ್ಟೇ. ನಿಮ್ಮ ಮಗ ಸ್ಪೀಕರ್ ಹಾಕಿ ಫೋನನ್ನು ಊಟದ ಮೇಜಿನ ನಡುವೆ ಇಡುತ್ತಾನೆ, ಹಿಂದೆ ಟಿವಿ ಬೇರೆ ಅರಚುತ್ತಿರುತ್ತದೆ, ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಸೊಸೆ ‘ಅತ್ತೆ ಆರಾಮಾಗಿದಾರೆ, ನೀವೇನೂ ಯೋಚ್ನೆ ಮಾಡ್ಬೇಡಿ’ ಎಂದು ಹೇಳಿ ಮುಗಿಸಿರುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ, ಇಲ್ಲವೆನ್ನುವುದಿಲ್ಲ. ಆದರೆ ಅಷ್ಟು ಜನರ ನಡುವೆ ಯಾರು ತಾನೇ ನನಗೆ ಉಸಿರು ಸಾಲುತ್ತಿಲ್ಲ ಎಂದು ಹೇಳಿಯಾರು? ಅದಕ್ಕೇ ಅಳಿಯನ ಈ ಕಾಗದ. ನಾಳೆ ನಿಮ್ಮ ಮೊಮ್ಮಗಳು ಚೂಟಿ, ಅಜ್ಜಿಯನ್ನು ನೋಡಬೇಕೆಂದು ಅಲ್ಲಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳಿಂದ ಓದಿಸಿಕೊಳ್ಳಬೇಡಿ. ಕನ್ನಡಕ ಹಾಕಿಕೊಂಡು ನೀವೇ ಓದಿ.

ಮನೆಯ ರಿಪೇರಿ ಕೆಲಸವೆಲ್ಲ ಮುಗಿಯಿತು ಎಂದು ಒಂದೇ ಸಾಲು ಬರೆದು ನಿಮ್ಮೆದುರು ಜಂಬ ಕೊಚ್ಚಿಕೊಳ್ಳಬೇಕೆಂದಿದ್ದೆ. ಒಂದು ಲೆಕ್ಕದಲ್ಲಿ ಮುಗಿದಿದೆ ಕೂಡ. ಆದರೆ ಮುಗಿದ ರೀತಿ ನೆನೆಸಿಕೊಂಡರೆ ಜಂಬ ಬರುವುದಿಲ್ಲ, ಮೈ ಉರಿಯುತ್ತದೆ. ಧೂಳು ಎದೆಗಾಗುವುದಿಲ್ಲ ಎಂದು ಹದಿನೈದು ದಿನದ ಮಟ್ಟಿಗೆ ಮಗನ ಮನೆಗೆ ಹೋದವರು ನೀವು. ಬಿಸಿಲುಗಾಲದಲ್ಲಿ ಹೋದಿರಿ, ಈಗ ಬೆಳಿಗ್ಗೆ ಎದ್ದು ಸ್ವೆಟರ್ ಹುಡುಕುವಂತಾಗಿದೆ. ರಸ್ತೆಯಿಂದ ಬಾಗಿಲವರೆಗೆ ಅಷ್ಟೊಂದು ಮೆಟ್ಟಿಲು, ಒಳಗೆ ಬಂದರೆ ಮಲಗುವ ಕೋಣೆಗೆ ಮತ್ತೊಂದಷ್ಟು ಮೆಟ್ಟಿಲು, ಇನ್ನು ಈ ಮಂಡಿ ಇಟ್ಟುಕೊಂಡು ಇಲ್ಲಿ ಆಗುವುದಿಲ್ಲ, ಮಾರಿಬಿಡೋಣ ಎಂದು ನಾವೆಲ್ಲ ಕೂತು ಒಪ್ಪಿದ್ದು ನಿಮಗೆ ನೆನಪಿದೆ. ಅವತ್ತು ಅದು ಎಷ್ಟು ಸುಲಭದ ಮಾತಾಗಿತ್ತು. ಮನೆ ಮಾರುವುದೆಂದರೆ ಕೊಳ್ಳುವವನು ಬರುತ್ತಾನೆ, ನೋಡುತ್ತಾನೆ, ಕೊಳ್ಳುತ್ತಾನೆ ಎಂದುಕೊಂಡಿದ್ದೆ. ಬ್ರೋಕರ್ ಬಂದವನೇ ಮೂಗಿನ ಮೇಲೆ ಕರ್ಚೀಫು ಹಿಡಿದು ಮೇಲೆ ಕೆಳಗೆ ಓಡಾಡಿ, ‘ಅರ್ಧಂಬರ್ಧ ಇರೋ ಮನೆ ಯಾರೂ ತಗೊಳ್ಳಲ್ಲ ಸಾರ್, ಮೊದ್ಲು ಇದನ್ನೆಲ್ಲ ಮುಗ್ಸಿ’ ಎಂದ. ಮುಗಿಸಿ, ಅಂತೆ. ಮಾವ ಶುರು ಮಾಡಿದ್ದನ್ನು ಮುಗಿಸುವುದು ಮಾವನಿಂದಲೇ ಆಗಲಿಲ್ಲ.

ನೀವು ಸಿಟ್ಟಾಗಬೇಡಿ, ಮಾವನನ್ನು ಬೈಯುತ್ತಿಲ್ಲ. ಅವರ ಉತ್ಸಾಹ ಅಂಥದು. ಆದರೆ ಹೊಸ ಬಚ್ಚಲನ್ನೇ ನೋಡಿ. ನಾನು ಈ ಮನೆಗೆ ಮೊದಲ ಸಲ ಬಂದ ದಿನ ಅವರು ನನ್ನನ್ನು ನೇರವಾಗಿ ಮಹಡಿಗೆ ಕರೆದುಕೊಂಡು ಹೋಗಿ, ಇಟ್ಟಿಗೆ ಕಾಣುವ ನಾಲ್ಕು ಗೋಡೆ ತೋರಿಸಿ, ‘ಇದು ಹೊಸ ಬಚ್ಚಲು, ಮುಂದಿನ ತಿಂಗಳು ಟೈಲ್ಸು’ ಎಂದಿದ್ದರು. ನನ್ನ ಮದುವೆಯಾಯಿತು, ಚೂಟಿ ಹುಟ್ಟಿದಳು, ಮಾವ ಹೋದರು, ಚೂಟಿ ಈಗ ಕಾಲೇಜಿಗೆ ಹೋಗುತ್ತಾಳೆ. ಅದರ ಹೆಸರು ಮಾತ್ರ ಇವತ್ತಿಗೂ ಹೊಸ ಬಚ್ಚಲು. ಒಳಗೆ ನೀರು ಬಿಟ್ಟು ಉಳಿದಿದ್ದೆಲ್ಲ ಇತ್ತು. ರೆಕ್ಕೆ ಮುರಿದ ಫ್ಯಾನು, ಮಂಚದ ಕಾಲು, ನಿಮ್ಮ ಮಗನ ಬಾಲ್ಯದ ಸೈಕಲ್ಲು. ಬಾಗಿಲಿನ ಜಾಗದಲ್ಲಿ ಹಳೆ ಬೆಡ್‌ಶೀಟು. ಇದನ್ನು ಖಾಲಿ ಮಾಡುವುದಕ್ಕೇ ಎರಡು ವಾರದ ರಜೆಯೆಲ್ಲ ಹೋಯಿತು.

ಟೈಲ್ಸಿನವನ ಕತೆ ಕೇಳಿ. ಡಿಪೋದಲ್ಲಿ ದಿನಾ ನೂರಾರು ಡ್ರೈವರ್‌ಗಳಿಗೆ, ಕಂಡಕ್ಟರ್‌ಗಳಿಗೆ ಡ್ಯೂಟಿ ಹಾಕುವವನು ನಾನು. ಯಾರು ಯಾವ ಬಸ್ಸಿಗೆ, ಎಷ್ಟು ಹೊತ್ತಿಗೆ ಎಂದು ನಾನು ಹೇಳಿದರೆ ಅದು ನಡೆಯುತ್ತದೆ. ಅಂಥ ನನಗೆ ಒಬ್ಬ ಟೈಲ್ಸಿನವನನ್ನು ಹೇಳಿದ ದಿನ ಕರೆಸಲು ಆಗಲಿಲ್ಲ. ‘ನಾಳೆ ಬರ್ತೀನಿ ಸಾರ್’ ಎನ್ನುವುದನ್ನು ಅವನು ಎಷ್ಟು ಪ್ರಾಮಾಣಿಕವಾಗಿ ಹೇಳುತ್ತಾನೆಂದರೆ ಪ್ರತಿಸಲ ನಂಬಿ ರಜೆ ಹಾಕುತ್ತಿದ್ದೆ. ಕೊನೆಗೆ ಬಂದ, ಒಳ್ಳೆ ಹೊಳಪಿನ ಟೈಲ್ಸ್ ಕೂರಿಸಿದ. ನಾನೂ ಚೂಟಿಯೂ ನಿಂತು ನೋಡಿ ಹೊಗಳಿದೆವು. ಒಂದು ಬಕೆಟ್ ನೀರು ಸುರಿದೆವು. ನೀರು ಮೋರಿಯ ಕಡೆ ತಿರುಗಿಯೂ ನೋಡಲಿಲ್ಲ. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ನಡುಮನೆಗೆ ಬಂತು. ಅವನು ಸೊಂಟದ ಮೇಲೆ ಕೈಯಿಟ್ಟು ನೋಡಿದ, ‘ಹೊಸದಲ್ವಾ ಸಾರ್, ನೀರಿಗೆ ಸ್ವಲ್ಪ ಅಭ್ಯಾಸ ಆಗ್ಬೇಕು’ ಎಂದ. ಚೂಟಿ ಬಕೆಟ್ಟು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ನಗಲು ಶುರು ಮಾಡಿದಳು. ನೆಲವನ್ನೆಲ್ಲ ಕಿತ್ತು ಮತ್ತೆ ಹಾಕಿಸಿದೆ. ಈಗ ನೀರು ಮೋರಿಗೇ ಹೋಗುತ್ತದೆ, ಆದರೆ ಯಾಕೋ ಮನಸ್ಸಿಲ್ಲದ ಮನಸ್ಸಿನಿಂದ ಹೋದಂತೆ ಕಾಣುತ್ತದೆ.

ಇನ್ನು ಪೇಂಟರ್. ಇದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಡುಮನೆಯ ಸೋಫಾದ ಮೇಲಿನ ಗೋಡೆಯಲ್ಲಿ ನಿಮ್ಮ ಮಗಳು ಬಳಿದ ಮೂರು ಬಣ್ಣದ ಪಟ್ಟಿಗಳಿದ್ದವಲ್ಲ, ನಿಂಬೆ ಹಳದಿ, ತಿಳಿ ಹಸಿರು, ಬೂದಿ ನೀಲಿ. ಯಾವುದು ಒಪ್ಪುತ್ತದೋ ನೋಡೋಣ ಎಂದು ಸಣ್ಣ ಡಬ್ಬಿ ತಂದು ಅವಳೇ ಬಳಿದಿದ್ದಳು. ನೀವು ಹಸಿರು ಅಂದಿರಿ, ಅವಳು ಹಳದಿ ಅಂದಳು, ಚೂಟಿ ನೀಲಿ ಬಿಟ್ಟರೆ ಆಗುವುದಿಲ್ಲ ಎಂದು ಹಟ ಹಿಡಿದಳು. ತಾಯಿ ಮಗಳು ಮೊಮ್ಮಗಳು ಮೂವರೂ ಒಬ್ಬರಿಗೊಬ್ಬರು ಸೋಲದೆ ಕೂತಿದ್ದಾಗಲೇ ನಿಮ್ಮ ಮಗಳ ಆಸ್ಪತ್ರೆ ಓಡಾಟ ಶುರುವಾಯಿತು. ಆಮೇಲೆ ಯಾರೂ ಗೋಡೆಯ ಮಾತೆತ್ತಲಿಲ್ಲ. ಬಂದವರು ‘ಇದೇನು?’ ಎಂದು ಕೇಳಿದರೆ ನೀವು ‘ಬಣ್ಣ ನೋಡ್ತಿದೀವಿ’ ಎನ್ನುತ್ತಿದ್ದಿರಿ, ಅವಳು ಹೋಗಿ ವರ್ಷಗಳಾದ ಮೇಲೂ.

ಪೇಂಟರ್ ಕೇಳಿದ, ಯಾವ ಬಣ್ಣ ಎಂದು. ಬ್ರೋಕರ್ ಹೇಳಿದ, ಎಲ್ಲ ಬಿಳಿ ಮಾಡಿ, ಕೊಳ್ಳೋರಿಗೆ ಬಿಳಿ ಇಷ್ಟ. ನಿಮಗೆ ಫೋನ್ ಮಾಡಿದೆ. ನೀವು ‘ನಿಮಗೆ ಹೇಗನ್ಸುತ್ತೋ ಹಾಗೆ ಮಾಡಿ’ ಎಂದಿರಿ. ಇನ್ನೊಂದು ದಿನ ತಡೆಯೋಣ ಎಂದು ನಾನು ಡಿಪೋಗೆ ಹೋದೆ, ಬೇರೆ ಕೋಣೆ ಮುಗಿಸಿಕೋ ಎಂದು ಪೇಂಟರ್‌ಗೆ ಹೇಳಿದ್ದೆ, ಅಥವಾ ಹೇಳಿದ್ದೇನೆ ಎಂದುಕೊಂಡಿದ್ದೆ. ಸಂಜೆ ಬಂದು ನೋಡಿದರೆ ಗೋಡೆಯೆಲ್ಲ ಒಂದೇ ಬಿಳಿ. ಅವನು ತುಂಬ ಅಚ್ಚುಕಟ್ಟಾಗಿ ಮಾಡಿದ್ದ, ಒಂದು ಗೆರೆಯೂ ಉಳಿದಿರಲಿಲ್ಲ. ಅವನಿಗೆ ಏನೆಂದು ಬೈಯಲಿ? ಬಣ್ಣ ಬಳಿಯಲು ಕರೆದವನನ್ನು ಬಣ್ಣ ಬಳಿದದ್ದಕ್ಕೆ ಬೈಯಲಾಗುತ್ತದೆಯೆ? ಮೆಟ್ಟಿಲ ಮೇಲೆ ಎರಡು ಹನಿ ಬಿದ್ದಿತ್ತು, ಅದನ್ನು ಹಿಡಿದುಕೊಂಡು ಬಾಯಿಗೆ ಬಂದಂತೆ ಕೂಗಾಡಿದೆ. ಪಾಪ, ಅವನು ಬಗ್ಗಿ ಚಿಂದಿಬಟ್ಟೆಯಲ್ಲಿ ಒರೆಸುತ್ತಾ ‘ಹೋಗುತ್ತೆ ಸಾರ್, ಹೋಗುತ್ತೆ’ ಎನ್ನುತ್ತಿದ್ದ. ನಿಮಗೆ ಫೋನಿನಲ್ಲಿ ಹೇಳಿದೆ. ನೀವಾದರೂ ನನ್ನನ್ನು ಬೈಯುತ್ತೀರಿ, ಅಷ್ಟು ನೋಡಿಕೊಳ್ಳಲಾಗಲಿಲ್ಲವೆ ಎನ್ನುತ್ತೀರಿ ಎಂದು ಕಾದೆ. ನೀವು ‘ಸರಿ ಬಿಡಿ’ ಎಂದಿರಿ. ಫೋನಿಟ್ಟ ಮೇಲೆ ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಪೇಂಟರ್ ಮೇಲೂ ಬಂದಿರಲಿಲ್ಲ. ಕ್ಷಮಿಸಿ, ಆದರೆ ಬಂದದ್ದು ನಿಜ.

ನಡುವೆ ಒಂದು ಭಾನುವಾರ ನಿಮ್ಮ ಮಗ ಬಂದು ಹೋದ. ಹೇಳಿರಬೇಕು. ಹಿಂಬಾಗಿಲು ನಿಮಗೆ ಗೊತ್ತಲ್ಲ, ಭುಜ ಕೊಟ್ಟು ಎತ್ತಿ ತಳ್ಳದಿದ್ದರೆ ತೆರೆಯುತ್ತಿರಲಿಲ್ಲ. ಬಡಗಿಗೆ ಕಾಯುವುದು ಬೇಡ, ನಾವೇ ಮಾಡೋಣ ಎಂದು ಅವನೇ ಹುರುಪಿನಿಂದ ಹೊರಟ. ಆ ವಿಷಯದಲ್ಲಿ ಮಾವನ ಮಗನೇ. ಇಬ್ಬರೂ ಸೇರಿ ಕೀಲು ಬಿಚ್ಚಿ, ಬಾಗಿಲನ್ನು ಹಿತ್ತಲಲ್ಲಿ ಮಲಗಿಸಿ, ಸರದಿಯ ಮೇಲೆ ಕೆಳಗಿನ ಅಂಚಿಗೆ ಉಜ್ಜುಗೊರಡು ಹಾಕಿ ಮರ ಹೆರೆದೆವು. ನನ್ನ ಕೈ ಚೆನ್ನಾಗಿಲ್ಲ, ಅವನದು ನನಗಿಂತ ಕೆಟ್ಟದು. ನಕ್ಕೆವು. ಟೀ ಕುಡಿದೆವು. ಅವನ ಅಕ್ಕ ಈ ಬಾಗಿಲಲ್ಲಿ ಬೆರಳು ಸಿಕ್ಕಿಸಿಕೊಂಡದ್ದು, ಆಮೇಲೆ ಬಾಗಿಲಿಗೇ ಒದ್ದು ಕಾಲನ್ನೂ ನೋಯಿಸಿಕೊಂಡದ್ದು ಎಲ್ಲ ಮಾತಾಡಿದೆವು. ಬಹಳ ದಿನದ ಮೇಲೆ ಅವನ ಜತೆ ಅಷ್ಟು ಹಾಯಾಗಿ ಕೂತಿದ್ದೆ. ಆಗ ಅವನು ಮರದ ಸಿಪ್ಪೆ ಕೊಡವಿಕೊಳ್ಳುತ್ತಾ, ‘ಭಾವ, ನೀವು ಇಷ್ಟು ವರ್ಷ ಮಾಡಿದ್ದು ಸಾಕು. ಅಕ್ಕ ಇದ್ದಿದ್ರೆ ಬೇರೆ ಮಾತು. ಇನ್ನು ಅಮ್ಮನ ಹೊರೆ ನಿಮಗ್ಯಾಕೆ, ನಾನಿದೀನಲ್ಲ’ ಎಂದ.

‘ಹೊರೆ ಅಂತ ಯಾರು ಹೇಳಿದ್ರು?’ ಎಂದೆ.

‘ಯಾರೂ ಹೇಳ್ಲಿಲ್ಲ. ಆದ್ರೂ ನಾಳೆ ಯಾರಾದ್ರೂ ಕೇಳಿದ್ರೆ? ಮಗ ಇದ್ದೂ ಅಳಿಯನ ಹತ್ರ ಯಾಕಿದಾರೆ ಅಂದ್ರೆ ನಾನೇನು ಹೇಳ್ಲಿ? ಅದೂ ಮಗಳೇ ಇಲ್ದಿರೋ ಅಳಿಯನ ಹತ್ರ.’

ಅವನು ಕೆಟ್ಟದಾಗಿ ಹೇಳಲಿಲ್ಲ ಅತ್ತೆ, ಅದೇ ತೊಂದರೆ. ಕೆಟ್ಟದಾಗಿ ಹೇಳಿದ್ದರೆ ಜಗಳವಾಡಬಹುದಿತ್ತು. ನನ್ನ ಭುಜದ ಮೇಲೆ ಕೈಯಿಟ್ಟು, ನನ್ನ ಭಾರ ಇಳಿಸುತ್ತಿರುವವನ ಹಾಗೆ ಹೇಳಿದ. ಯಾವ ಸಂಬಂಧದ ಮೇಲೆ ನಿಮ್ಮನ್ನು ಇಲ್ಲಿಟ್ಟುಕೊಳ್ಳುತ್ತೇನೆ ಎಂದು ನಾನು ಅವನಿಗೆ ಹೇಳಬೇಕಿತ್ತು? ‘ಆ ಕಡೆ ಹಿಡ್ಕೋ, ಎತ್ತೋಣ’ ಎಂದಷ್ಟೇ ಹೇಳಿದೆ. ಬಾಗಿಲು ಕೂರಿಸಿದೆವು. ಈಗ ಒಂದು ಬೆರಳಲ್ಲಿ ತಳ್ಳಿದರೂ ತೆರೆಯುತ್ತದೆ. ಅಭ್ಯಾಸಬಲದಿಂದ ನಾನು ಮರುದಿನ ಭುಜ ಕೊಟ್ಟು ನುಗ್ಗಿ, ಹಿತ್ತಲಿಗೆ ಬೀಳುವುದರಲ್ಲಿದ್ದೆ.

ಮನೆ ಕೊಳ್ಳುವವರ ಬಗ್ಗೆ ಕೇಳಿದ್ದಿರಿ. ಗಂಡಹೆಂಡತಿ ಇಬ್ಬರೂ ಟೈಲರ್‌ಗಳು, ಮಾತಿನಲ್ಲಿ ನೇರ, ಕೊಟ್ಟ ಮಾತಿಗೆ ತಪ್ಪುವವರಲ್ಲ ಅನ್ನಿಸುತ್ತದೆ. ಮೊನ್ನೆ ಕೊನೆಯ ಸಲ ನೋಡಲು ಬಂದರು. ಹೊಸ ಬಚ್ಚಲಿಗೆ ಅವತ್ತು ಬೆಳಿಗ್ಗೆಯಷ್ಟೇ ಬಾಗಿಲು ಕೂರಿಸಿಯಾಗಿತ್ತು, ವಾರ್ನಿಷ್ ವಾಸನೆಯೂ ಹೋಗಿರಲಿಲ್ಲ. ನಾನು ಮಾವನ ಹಾಗೆ ಮುಂದೆ ನಿಂತು ಬಾಗಿಲು ತೆರೆದು ತೋರಿಸಿದೆ. ಆಕೆ ಒಳಗೆ ಹೋಗಿ, ಕೈಯಗಲಿಸಿ ಗೋಡೆಯಿಂದ ಗೋಡೆಗೆ ಅಳತೆ ನೋಡಿ, ಗಂಡನಿಗೆ ‘ಇದನ್ನ ಒಡೆದ್ರೆ ಬಟ್ಟೆ ಥಾನು ಇಡೋಕೆ ಸರಿಹೋಗುತ್ತೆ’ ಎಂದಳು. ನನಗೆ ತಡೆಯಲಾಗಲಿಲ್ಲ. ‘ಅಮ್ಮಾ, ಮೊದಲೇ ಹೇಳಿದ್ರೆ ಹಾಗೇ ಬಿಡ್ತಿದ್ದೆನಲ್ಲ’ ಎಂದೆ. ಗಂಡ ಸಮಾಧಾನವಾಗಿ, ‘ಹಾಗೇ ಬಿಟ್ಟಿದ್ರೆ ನಾವು ನೋಡೋಕೇ ಬರ್ತಿರ್ಲಿಲ್ಲ’ ಎಂದ.

ಅವರು ಹೋದ ಮೇಲೆ ಚೂಟಿ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಯಾರಾದರೂ ಒಡೆಯುವ ಮೊದಲು ನಾನು ಸ್ನಾನ ಮಾಡುತ್ತೇನೆ ಎಂದು ಹೊರಟಳು. ಆ ಬಚ್ಚಲಲ್ಲಿ ನಮ್ಮ ಮನೆಯವರು ಮಾಡಿದ ಮೊದಲ ಸ್ನಾನ ಅದು. ಒಳಗಿಂದ ಚಿಲಕ ಹಾಕಿದ ಸದ್ದು ಕೇಳಿತು, ಆಮೇಲೆ ನೀರಿನ ಸದ್ದು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ, ನೀರು ಎತ್ತ ಹೋಗುತ್ತದೋ ನೋಡಬೇಕಿತ್ತಲ್ಲ. ಒದ್ದೆ ಕೂದಲಲ್ಲಿ ಹೊರಬಂದವಳು ‘ಅಪ್ಪ, ಅಜ್ಜಿ ಯಾವಾಗ ಬರ್ತಾರೆ?’ ಎಂದಳು. ‘ಕೆಲಸ ಮುಗಿದ ಮೇಲೆ’ ಎಂದೆ. ಇಷ್ಟು ತಿಂಗಳೂ ಅದೇ ಹೇಳುತ್ತಿದ್ದೆ. ‘ಮುಗೀತಲ್ಲ’ ಎಂದಳು.

ಮುಗಿಯಿತು, ಹೌದು. ಮುಂದಿನ ವಾರ ಬುಧವಾರ ರಿಜಿಸ್ಟರ್. ಮನೆ ನಿಮ್ಮ ಹೆಸರಲ್ಲಿರುವುದರಿಂದ ನೀವೇ ಬಂದು ಸಹಿ ಮಾಡಬೇಕು. ನಿಮ್ಮ ಮಗ ಕಾರಿನಲ್ಲಿ ಕರೆತರುತ್ತಾನೆ, ಸಹಿ ಆದಮೇಲೆ ಅದೇ ಕಾರಿನಲ್ಲಿ ವಾಪಸ್ ಕರೆದುಕೊಂಡು ಹೋಗುತ್ತಾನೆ. ಅವನ ಮನಸ್ಸಿನಲ್ಲಿ ಅದು ತೀರ್ಮಾನವಾಗಿಬಿಟ್ಟಿದೆ. ಅಲ್ಲಿ ಲಿಫ್ಟಿದೆ, ಡಾಕ್ಟರ್ ಹತ್ತಿರವಿದ್ದಾರೆ, ನಿಮಗೆಂದೇ ಕೋಣೆಯಿದೆ. ಇವೆಲ್ಲ ಸಣ್ಣ ವಿಷಯಗಳಲ್ಲ, ನಾನು ಬಲ್ಲೆ. ನಿಮಗೆ ಅಲ್ಲೇ ಹಿತವೆನಿಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮಗೇನು ಅನ್ನಿಸಿದೆ ಎಂಬುದು ಯಾರಿಗೂ ಗೊತ್ತಿಲ್ಲವಲ್ಲ. ಯಾವ ಟೈಲ್ಸ್ ಎಂದು ಕೇಳಿದೆ, ನಿಮಗೆ ಹೇಗನ್ಸುತ್ತೋ ಹಾಗೆ ಎಂದಿರಿ. ಬಣ್ಣಕ್ಕೂ ಅದೇ, ಕೊಳ್ಳುವವರಿಗೂ ಅದೇ. ನಿಮ್ಮ ಮಗ ಕೇಳಿದರೂ ಅದನ್ನೇ ಹೇಳಿರುತ್ತೀರಿ. ಎಲ್ಲರೂ ತಮಗೆ ಅನ್ನಿಸಿದ್ದನ್ನು ಮಾಡುತ್ತಾ ಹೋದರೆ ಕೊನೆಗೆ ನಿಮ್ಮನ್ನು ಸಾಮಾನಿನ ಹಾಗೆ ಯಾವುದಾದರೊಂದು ಗಾಡಿಗೆ ಹತ್ತಿಸಿಬಿಡುತ್ತೇವೆ. ಇದನ್ನು ನನಗೆ ಸಹಿಸಲಾಗುತ್ತಿಲ್ಲ. ಟೈಲ್ಸಿನವನ ಜತೆ, ಪೇಂಟರ್ ಜತೆ, ಬ್ರೋಕರ್ ಜತೆ ಇಷ್ಟು ದಿನ ಹಾರಾಡಿದ್ದರ ಅರ್ಧ ಸಿಟ್ಟು ಇದರದ್ದೇ ಇರಬೇಕು.

ನಿಮ್ಮ ಮಗಳು ಹೋದಾಗ ಬಂದಿದ್ದ ನೆಂಟರೆಲ್ಲ ವಾಪಸ್ ಹೋದ ಸಂಜೆ ನಾನು ಮಹಡಿಯಲ್ಲಿ ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದೆ. ಇದು ಹೆಂಡತಿಯ ತಾಯಿಯ ಮನೆ, ಇನ್ನು ಇಲ್ಲಿರಲು ನನಗೇನು ಹಕ್ಕು, ಮಗುವನ್ನು ಕರೆದುಕೊಂಡು ಎಲ್ಲಾದರೂ ಒಂದು ಕೋಣೆ ಹಿಡಿಯಬೇಕು ಎಂದುಕೊಂಡಿದ್ದೆ. ನೀವು ಬಾಗಿಲಲ್ಲಿ ನಿಂತು ಪೆಟ್ಟಿಗೆ ನೋಡಿದಿರಿ. ‘ಅಳಿಯಂದ್ರೇ, ನಾಳೆ ಡ್ಯೂಟಿ ಎಷ್ಟು ಗಂಟೆಗೆ?’ ಎಂದಿರಿ. ಬೆಳಿಗ್ಗೆ ಅಡುಗೆಮನೆ ಕಟ್ಟೆಯ ಮೇಲೆ ನನ್ನ ಊಟದ ಡಬ್ಬಿ ಇತ್ತು. ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ನಡೆದುಬಿಟ್ಟಿತು. ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ, ಹೇಳದೆಯೇ ಎಲ್ಲ ಸರಿಯಾಗಿತ್ತು. ಈಗ ಮನೆಯೇ ಹೋಗುತ್ತಿರುವಾಗ ಹೇಳದೆ ನಡೆಯುವ ಹಾಗಿಲ್ಲ. ಏನು ಹೇಳಬೇಕೆಂದು ನಾನು ಹೇಳಿಕೊಡುವುದೂ ಸರಿಯಲ್ಲ.

ತುಂಬ ಬರೆದುಬಿಟ್ಟೆ, ಒರಟಾಗಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಮಗನಿಗೂ ಸೊಸೆಗೂ ನಾನು ಕೇಳಿದೆ ಎಂದು ಹೇಳಿ. ಸ್ವೆಟರ್ ಚೂಟಿಯ ಕೈಯಲ್ಲಿ ಕಳಿಸಿದ್ದೇನೆ, ದಪ್ಪದ್ದು, ಜೇಬಿರುವುದು. ಬೆಳಿಗ್ಗೆ ಹೊರಗೆ ಓಡಾಡುವಾಗ ಕಿವಿ ಮುಚ್ಚಿಕೊಳ್ಳಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ಇಂತಿ,
ನಿಮ್ಮ ಅಳಿಯ

ಮತ್ತೆ: ಶನಿವಾರ ಬೆಳಿಗ್ಗೆ. ಚೂಟಿ ಶೂ ಕಟ್ಟಿಕೊಳ್ಳುತ್ತಿದ್ದಾಳೆ, ಬಸ್ಸಿಗೆ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಡಿಪೋದ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಮನೆಯೊಂದು ಬಾಡಿಗೆಗೆ ಸಿಕ್ಕಿದೆ. ರಸ್ತೆಯಿಂದ ಸೀದಾ ಒಳಗೆ ನಡೆದು ಹೋಗಬಹುದು. ಎರಡು ಕೋಣೆ, ಬೆಳಕಿರುವ ದೊಡ್ಡದರಲ್ಲಿ ಎರಡು ಮಂಚ ಹಿಡಿಯುತ್ತದೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ನಿನ್ನೆ ಕರಾರು ಬರೆಸಲು ಹೋದಾಗ ಮನೆಯ ಯಜಮಾನಿ ‘ಎಷ್ಟು ಜನ ಇರ್ತೀರಿ?’ ಎಂದಳು. ಮೂರು ಎಂದೆ. ‘ಯಾರ್ಯಾರು?’ ಎಂದಳು. ‘ನಾನು, ಮಗಳು, ಅಮ್ಮ’ ಎಂದೆ. ಬಾಯಿಗೆ ಹಾಗೆ ಬಂತು, ಆಕೆ ಹಾಗೆಯೇ ಬರೆದುಕೊಂಡಳು, ನಾನು ತಿದ್ದಲಿಲ್ಲ. ತಿದ್ದಬೇಕಿದ್ದರೆ ನಾಳೆ ಚೂಟಿ ಅಲ್ಲಿಂದ ಹೊರಡುವಾಗ ಅವಳಿಗೆ ಹೇಳಿ, ನನಗೆ ಬೇಸರವಾಗುತ್ತದೆ, ಆದರೆ ಕೋಪವಿಲ್ಲ. ತಿದ್ದಬೇಕಿಲ್ಲ ಎನ್ನುವುದಾದರೆ ಅದನ್ನು ನಿಮ್ಮ ಮಗನಿಗೆ ನೀವೇ ಹೇಳಬೇಕು. ನಾನು ಹೇಳಿದರೆ ಅದು ಅಳಿಯನ ಮಾತಾಗುತ್ತದೆ.